ಶಾಕ್ ಹೊಡೆದ ಲೋಹದ ರೋಧ: ತಂತಿ ಹಾಕಿ ಅಳೆಯಬೇಕಾ, ಬೆಳಕು ನೋಡಿ ಅಳೆಯಬೇಕಾ?

ಓದುಗರ ಪ್ರಶ್ನೆ: "ನಾನು ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮೊದಲ ವರ್ಷದಲ್ಲಿದ್ದೇನೆ. ನಮ್ಮಲ್ಲಿ ಹಿಂಡಿದ ಅನಿಲದ ಬಲದಿಂದ ತಟ್ಟೆಯನ್ನು ಸೆಕೆಂಡಿಗೆ ಸುಮಾರು 1 ಕಿಲೋಮೀಟರ್ ವೇಗದವರೆಗೆ ಹೊಡೆಯುವ ಒಂದು ಹಂತದ ಗ್ಯಾಸ್ ಗನ್ ಇದೆ. ಶಾಕ್ ಒತ್ತಡದಲ್ಲಿ, ಅಂದರೆ ಆ ತಟ್ಟೆ ಬಡಿದಾಗ ಲೋಹದೊಳಗೆ ಓಡುವ ಆಘಾತದ ತರಂಗದ ಒತ್ತಡದಲ್ಲಿ (ಕರೆಂಟ್ ಶಾಕ್ ಅಲ್ಲ), ಕಬ್ಬಿಣದ ವಿದ್ಯುತ್ ರೋಧ ಅಳೆಯಬೇಕು ಅಂತ ಆಸೆ. ಆದರೆ ಓದಿದಷ್ಟೂ ಗೊಂದಲ ಜಾಸ್ತಿ ಆಗ್ತಿದೆ. ಪಠ್ಯಪುಸ್ತಕ ಒತ್ತಡ ಹೆಚ್ಚಿದರೆ ರೋಧ ಇಳಿಯುತ್ತದೆ ಅನ್ನುತ್ತದೆ, ಶಾಕ್ ಪ್ರಯೋಗಗಳಲ್ಲಿ ಏರಿದೆ. ಅರ್ಧ ಮೈಕ್ರೊಸೆಕೆಂಡಿನಲ್ಲಿ ಚೂರಾಗುವ ಸ್ಯಾಂಪಲ್ ಮೇಲೆ ಬಂದ ಸಂಖ್ಯೆಯನ್ನು ನಂಬೋದು ಹೇಗೆ? ತಂತಿ ಗೊಡವೆಯೇ ಬೇಡ, ಪ್ರತಿಫಲಿಸುವ ಬೆಳಕು ಅಳೆದರೆ ವಾಹಕತೆ ಸಿಗುತ್ತದೆ, ತಾಪಮಾನವೂ ಸಿಗುತ್ತದೆ ಅಂತ ಸೀನಿಯರ್ ಒಬ್ಬರು ಹೇಳಿದರು. ಎರಡರಲ್ಲಿ ಒಂದು ಆರಿಸಿಕೋ ಎಂದು ಗೈಡ್ ಹೇಳಿದ್ದಾರೆ. ಯಾವುದು ಸರಿ?"

ನಿಮ್ಮ ಪತ್ರದಲ್ಲಿ ಮೂರು ಭಯ ಒಂದರೊಳಗೊಂದು ಸಿಕ್ಕಿಕೊಂಡಿವೆ. ರೋಧ ಏರಬೇಕಾ ಇಳಿಯಬೇಕಾ ಅನ್ನೋದು ಒಂದು. ಇಷ್ಟು ಚಿಕ್ಕ ಹೊತ್ತಿನಲ್ಲಿ ಅಳೆದದ್ದು ನಿಜವಾ ಅನ್ನೋದು ಇನ್ನೊಂದು. ತಪ್ಪು ದಾರಿ ಹಿಡಿದು ಮೂರು ವರ್ಷ ಕಳೆದುಬಿಟ್ಟರೆ ಅನ್ನೋದು ಮೂರನೆಯದು. ಇದನ್ನು ನೀವು ಬರೆದಿಲ್ಲ, ಆದರೆ ನಿಜವಾದ ಭಯ ಇದೇ ಅಂತ ನನಗನ್ನಿಸುತ್ತದೆ. ನಾನು ಹಲವು ವರ್ಷ ಇಂಥದ್ದೇ ಗನ್ ಪಕ್ಕ ನಿಂತು ಕೆಲಸ ಮಾಡಿದವನು. ನನಗೆ ತಿಳಿದದ್ದನ್ನು ನೇರವಾಗಿ ಹೇಳುತ್ತೇನೆ.

ಮೊದಲು ಹೊತ್ತಿನ ವಿಷಯ. ಒಂದು ಮೈಕ್ರೊಸೆಕೆಂಡ್ ಕಡಿಮೆ ಅನ್ನಿಸೋದು ನಮಗೆ, ಎಲೆಕ್ಟ್ರಾನಿಗಲ್ಲ. ಲೋಹದಲ್ಲಿ ಎಲೆಕ್ಟ್ರಾನುಗಳು ಒಂದು ಡಿಕ್ಕಿಯಿಂದ ಇನ್ನೊಂದು ಡಿಕ್ಕಿಗೆ ಹೋಗಲು ನ್ಯಾನೊಸೆಕೆಂಡಿನ ಲಕ್ಷದ ಒಂದು ಭಾಗದಷ್ಟು ಹೊತ್ತು ಸಾಕು. ಶಾಕ್ ತರಂಗದ ಹಿಂದೆ ಒತ್ತಡ 300 ನ್ಯಾನೊಸೆಕೆಂಡ್ ಸ್ಥಿರವಾಗಿ ನಿಂತರೆ ಅವುಗಳ ಪಾಲಿಗೆ ಅದೊಂದು ಯುಗ. ಸ್ಯಾಂಪಲ್ ಚೂರಾಗೋದು ಆಮೇಲೆ. ಅಂಚಿನಿಂದ ಒತ್ತಡ ಬಿಡುಗಡೆಯ ತರಂಗ ಒಳಗೆ ಬರುವ ತನಕ ನಡುವಿನ ಲೋಹಕ್ಕೆ ತನಗೊಂದು ಅಂಚು ಇದೆ ಅನ್ನೋದೇ ತಿಳಿದಿರುವುದಿಲ್ಲ. ಅಳತೆ ಮುಗಿಯಬೇಕಾದದ್ದು ಅಷ್ಟರೊಳಗೆ. ಇಂದಿನ ಆಸಿಲೋಸ್ಕೋಪ್‌ಗೆ ಅದು ಕಷ್ಟವೇ ಅಲ್ಲ.

ಒತ್ತಡವೂ ಕಷ್ಟವಲ್ಲ. ತಾಮ್ರದ ತಟ್ಟೆಯನ್ನು ಸೆಕೆಂಡಿಗೆ 1 ಕಿಲೋಮೀಟರ್ ವೇಗದಲ್ಲಿ ತಾಮ್ರಕ್ಕೇ ಹೊಡೆದರೆ ಡಿಕ್ಕಿಯಾದ ಜಾಗದಲ್ಲಿ ಕಣಗಳ ವೇಗ ಅದರ ಅರ್ಧ, 0.5 ಕಿಲೋಮೀಟರ್. ತಾಮ್ರದಲ್ಲಿ ಶಾಕ್ ವೇಗ ಅಂದರೆ 3.94 ಕೂಡಿಸು ಕಣವೇಗದ 1.49 ಪಟ್ಟು, ಹಾಗಾಗಿ ಸುಮಾರು 4.7 ಕಿಲೋಮೀಟರ್. ಸಾಂದ್ರತೆ, ಶಾಕ್ ವೇಗ, ಕಣವೇಗ ಮೂರನ್ನೂ ಗುಣಿಸಿ. 21 ಗಿಗಾಪಾಸ್ಕಲ್ ಬಂತು. ಎರಡು ಲಕ್ಷ ವಾತಾವರಣಕ್ಕಿಂತ ಜಾಸ್ತಿ. ಇದರಲ್ಲಿ ಊಹೆ ಇಲ್ಲ. ದ್ರವ್ಯರಾಶಿ, ಸಂವೇಗ, ಶಕ್ತಿ ಉಳಿಯಬೇಕು ಅನ್ನುವ ನಿಯಮಗಳಿಂದ ನೇರವಾಗಿ ಬರುವ ಲೆಕ್ಕ. ವೇಗ ಅಳೆಯಲು ಪಿಡಿವಿ ಇದೆ, ಚಲಿಸುವ ಮೇಲ್ಮೈಯಿಂದ ಮರಳಿದ ಲೇಸರ್ ಬೆಳಕಿನ ಆವರ್ತನ ಎಷ್ಟು ಬದಲಾಯಿತು ಅಂತ ನೋಡಿ ವೇಗ ಹೇಳುವ ಸಾಧನ. ದೂರಸಂಪರ್ಕಕ್ಕೆ ಬಳಸುವ 1550 ನ್ಯಾನೊಮೀಟರ್ ಲೇಸರ್ ಮತ್ತು ಫೈಬರ್ ಅದಕ್ಕೆ ಸಾಕು. ಮೇಲ್ಮೈ ಸೆಕೆಂಡಿಗೆ 1 ಕಿಲೋಮೀಟರ್ ಚಲಿಸಿದರೆ 1.29 ಗಿಗಾಹರ್ಟ್ಸ್ ಮಿಡಿತ ಕಾಣುತ್ತದೆ. ಎಣಿಸಿದರೆ ಆಯ್ತು.

ಕಷ್ಟ ಇರೋದು ತಾಪಮಾನದಲ್ಲಿ. ಈ ಕ್ಷೇತ್ರದ ಜಗಳಗಳಲ್ಲಿ ಮುಕ್ಕಾಲು ಪಾಲು ತಾಪಮಾನದ ಜಗಳಗಳೇ. ಮೇಲೆ ಹೇಳಿದ ಉಳಿಕೆಯ ನಿಯಮಗಳು ಒತ್ತಡ, ಸಾಂದ್ರತೆ, ಶಕ್ತಿ ಮೂರನ್ನೂ ಕೊಡುತ್ತವೆ, ತಾಪಮಾನವನ್ನು ಮಾತ್ರ ಕೊಡುವುದಿಲ್ಲ. ನಿಮ್ಮ ಮೊದಲ ಗೊಂದಲಕ್ಕೂ ಇದೇ ಕಾರಣ.

ಪಠ್ಯಪುಸ್ತಕ ಹೇಳೋದು ಸುಳ್ಳಲ್ಲ. ಸಾಮಾನ್ಯ ಲೋಹವನ್ನು ಅದೇ ತಾಪಮಾನದಲ್ಲಿಟ್ಟು ಹಿಂಡಿದರೆ ಪರಮಾಣುಗಳ ಜಾಲ ಬಿಗಿಯಾಗುತ್ತದೆ, ಅವುಗಳ ಅಲುಗಾಟ ಕಡಿಮೆಯಾಗುತ್ತದೆ, ಎಲೆಕ್ಟ್ರಾನಿಗೆ ತಡೆ ಕಡಿಮೆಯಾಗುತ್ತದೆ. ರೋಧ ಇಳಿಯುತ್ತದೆ. ಆದರೆ ಶಾಕ್‌ನಲ್ಲಿ 'ಅದೇ ತಾಪಮಾನ' ಅನ್ನೋದು ಸಾಧ್ಯವೇ ಇಲ್ಲ. ಹಿಂಡುವ ಕೆಲಸದ ಒಂದು ಪಾಲು ಶಾಖವಾಗಿಯೇ ಆಗುತ್ತದೆ, ಅದು ಹೊರಗೆ ಹೋಗಲು ಪುರುಸೊತ್ತಿಲ್ಲ. ಅಲುಗಾಟ ಮತ್ತೆ ಏರುತ್ತದೆ. ಒಂದು ಇಳಿಸುತ್ತದೆ, ಒಂದು ಏರಿಸುತ್ತದೆ, ಕಡಿಮೆ ಒತ್ತಡದಲ್ಲಿ ಯಾವುದು ಗೆಲ್ಲುತ್ತದೆ ಅನ್ನೋದು ಲೋಹದ ಮೇಲೆ ನಿಂತಿದೆ, ಒತ್ತಡ ಜಾಸ್ತಿಯಾದಂತೆ ಸಾಮಾನ್ಯವಾಗಿ ಶಾಖವೇ ಗೆಲ್ಲುತ್ತದೆ.

ಇದರ ಮೇಲೆ ಇನ್ನೂ ಎರಡು ಸೇರುತ್ತವೆ. ಒಂದು ಬರೀ ಆಕಾರದ್ದು. ಶಾಕ್ ನಿಮ್ಮ ಫಾಯಿಲನ್ನು ದಪ್ಪದ ದಿಕ್ಕಿನಲ್ಲಿ ಮಾತ್ರ ಹಿಂಡುತ್ತದೆ, ಉದ್ದ ಅಗಲ ಹಾಗೇ ಇರುತ್ತವೆ. ದಪ್ಪ ಶೇ. 20 ಇಳಿದರೆ, ಲೋಹದ ಗುಣ ಒಂದಿಷ್ಟೂ ಬದಲಾಗದಿದ್ದರೂ ರೋಧ ಶೇ. 25 ಏರಿ ಕಾಣುತ್ತದೆ. ಇದನ್ನು ತೆಗೆಯದೆ ಗ್ರಾಫ್ ಹಾಕಿದವರನ್ನು ನಾನು ನೋಡಿದ್ದೇನೆ. ಇನ್ನೊಂದು ದೋಷಗಳದ್ದು. ಶಾಕ್ ಹಾದುಹೋಗುವಾಗ ಜಾಲದಲ್ಲಿ ಖಾಲಿ ಜಾಗಗಳು, ಜಾರು ಗೆರೆಗಳು ರಾಶಿ ರಾಶಿ ಹುಟ್ಟುತ್ತವೆ. 1975ರಲ್ಲಿ ಡಿಕ್ ಮತ್ತು ಸ್ಟೈರಿಸ್ ಬೆಳ್ಳಿ ಫಾಯಿಲಿನ ಮೇಲೆ ಮಾಡಿದ ಕೆಲಸ ನೋಡಿ. ಒತ್ತಡದ ಪಾಲು, ಶಾಖದ ಪಾಲು ಎರಡನ್ನೂ ಕಳೆದ ಮೇಲೂ ರೋಧ ಉಳಿಯಿತು. ಆ ಉಳಿದದ್ದು ದೋಷಗಳದ್ದು. ಹಾಗಾಗಿ ಮೆಲ್ಲಗೆ ಒತ್ತಿದ ಬೆಳ್ಳಿಯನ್ನೂ ಶಾಕ್ ಹೊಡೆದ ಬೆಳ್ಳಿಯನ್ನೂ ಒಂದೇ ಗೆರೆಯ ಮೇಲೆ ಕೂರಿಸಲು ಹೋಗಬೇಡಿ.

ಕಬ್ಬಿಣದ್ದು ಇನ್ನೂ ಬೇರೆ ಕಥೆ. 13 ಗಿಗಾಪಾಸ್ಕಲ್ ಹತ್ತಿರ ಅದರ ಸ್ಫಟಿಕ ರಚನೆಯೇ ಬದಲಾಗುತ್ತದೆ. ಇದು 1956ರಲ್ಲಿ ಶಾಕ್ ಪ್ರಯೋಗದಲ್ಲೇ ಸಿಕ್ಕ ವಿಷಯ. ಆ ಹೊಸ ರಚನೆಯ ರೋಧ ಹೆಚ್ಚು, ಹಾಗಾಗಿ ಅಲ್ಲಿ ರೋಧ ಜಿಗಿಯುತ್ತದೆ. ಜೊತೆಗೆ ಕಬ್ಬಿಣ ತನ್ನ ಕಾಂತತೆಯನ್ನೂ ಕಳೆದುಕೊಳ್ಳುತ್ತದೆ. ಕರೆಂಟ್ ಹರಿಯುತ್ತಿರುವ ಫಾಯಿಲಿನಲ್ಲಿ ಕೆಲವೇ ನ್ಯಾನೊಸೆಕೆಂಡಿನಲ್ಲಿ ಕಾಂತತೆ ಬದಲಾದರೆ ಏನಾಗುತ್ತದೆ? ತಂತಿಯ ಕುಣಿಕೆಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಅದು ರೋಧದಿಂದ ಬಂದ ವೋಲ್ಟೇಜ್ ಅಲ್ಲ, ಆದರೆ ಸ್ಕೋಪಿಗೆ ಆ ವ್ಯತ್ಯಾಸ ಗೊತ್ತಾಗಲ್ಲ. 1969ರಲ್ಲಿ ಕೀಲರ್ ಮತ್ತು ಮಿಚೆಲ್ ಶಾಕ್ ಹೊಡೆದ ಕಬ್ಬಿಣದ ಬಗ್ಗೆ ಬರೆದಾಗ ವಾಹಕತೆ, ಕಾಂತತೆ ಕಳೆಯುವುದು, ರಚನೆ ಬದಲಾಗುವುದು ಮೂರನ್ನೂ ಒಟ್ಟಿಗೇ ಇಟ್ಟರು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲು ಬರುವುದಿಲ್ಲ.

ಆದ್ದರಿಂದ ಕಬ್ಬಿಣದಿಂದ ಶುರು ಮಾಡಬೇಡಿ. ಕಬ್ಬಿಣ ಮಾಡಿ, ಖಂಡಿತ ಮಾಡಿ, ಆದರೆ ಎರಡನೇ ವರ್ಷದಲ್ಲಿ.

ಕಬ್ಬಿಣದ ಮೇಲೆ ಎಲ್ಲರಿಗೂ ಯಾಕಿಷ್ಟು ಮೋಹ ಅಂದರೆ ಭೂಮಿಯ ನಡುವಿನ ಗರ್ಭ ಬಹುಪಾಲು ಕಬ್ಬಿಣ. ಅಲ್ಲಿ ಶಾಖ ಎಷ್ಟು ಸುಲಭವಾಗಿ ಹರಿಯುತ್ತದೆ ಅನ್ನೋದರ ಮೇಲೆ ಭೂಕಾಂತತೆಯ ಇತಿಹಾಸವೇ ನಿಂತಿದೆ. ಶಾಖವಾಹಕತೆಯನ್ನು ನೇರವಾಗಿ ಅಳೆಯೋದು ಬಹಳ ಕಷ್ಟ, ಹಾಗಾಗಿ ವಿದ್ಯುತ್ ರೋಧ ಅಳೆದು, ವಿದ್ಯುತ್ತನ್ನು ಚೆನ್ನಾಗಿ ಹರಿಸುವ ಲೋಹ ಶಾಖವನ್ನೂ ಚೆನ್ನಾಗಿ ಹರಿಸುತ್ತದೆ ಅನ್ನುವ ವೀಡೆಮಾನ್–ಫ್ರಾಂಜ್ ನಿಯಮದಿಂದ ಲೆಕ್ಕ ಹಾಕುತ್ತಾರೆ. ರೋಧಶೀಲತೆ 100 ಮೈಕ್ರೊ ಓಮ್ ಸೆಂಟಿಮೀಟರ್, ತಾಪಮಾನ 4,000 ಕೆಲ್ವಿನ್ ಅಂದುಕೊಳ್ಳಿ, ಮೀಟರಿಗೆ ಕೆಲ್ವಿನ್ನಿಗೆ ಸುಮಾರು 98 ವ್ಯಾಟ್ ಬರುತ್ತದೆ. ತಾಪಮಾನ 500 ಡಿಗ್ರಿ ತಪ್ಪಿದರೆ ಉತ್ತರವೂ ಎಂಟರಲ್ಲಿ ಒಂದು ಪಾಲು ತಪ್ಪುತ್ತದೆ. 2016ರಲ್ಲಿ ನೇಚರ್ ಪತ್ರಿಕೆಯಲ್ಲಿ ಎರಡು ಗುಂಪುಗಳ ಕೆಲಸ ಒಟ್ಟಿಗೇ ಬಂತು. ಎರಡೂ ಸ್ಯಾಂಪಲನ್ನು ಎರಡು ವಜ್ರದ ಅಡಿಗಲ್ಲುಗಳ ನಡುವೆ ಒತ್ತಿ ಮಾಡಿದವು, ಶಾಕ್ ಅಲ್ಲ. ಒಂದು ಗುಂಪು 18ರಿಂದ 44 ವ್ಯಾಟ್ ಅಂದಿತು. ಇನ್ನೊಂದು ಗುಂಪಿನ ಸಂಖ್ಯೆ ಅದಕ್ಕಿಂತ ಬಹಳ ಜಾಸ್ತಿ, ಅದನ್ನು ಒಪ್ಪಿದರೆ ಭೂಮಿಯ ಗಟ್ಟಿ ಒಳಗರ್ಭದ ವಯಸ್ಸು 70 ಕೋಟಿ ವರ್ಷಕ್ಕಿಂತ ಕಡಿಮೆ ಆಗಬೇಕು. ಇಬ್ಬರೂ ಪಳಗಿದ ಕೈಗಳೇ. ಅಷ್ಟು ಅಂತರ ಬಂತು. ನಿಮಗೆ ಓದಿ ಗೊಂದಲವಾದರೆ ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ಈಗ ಬೆಳಕಿನ ವಿಷಯ. ನಿಮ್ಮ ಸೀನಿಯರ್ ಹೇಳಿದ್ದರಲ್ಲಿ ಅರ್ಧ ಸರಿ.

ಪ್ರತಿಫಲನದಿಂದ ವಾಹಕತೆ ಸಿಗುತ್ತದೆ ಅನ್ನುವ ಸೂತ್ರ ಇದೆ, ಆದರೆ ಅದು ನಡೆಯೋದು ಉದ್ದ ತರಂಗಾಂತರದಲ್ಲಿ, ಇನ್‌ಫ್ರಾರೆಡ್‌ನ ಆ ಕೊನೆಯಲ್ಲಿ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಲೋಹ ಬೇರೆ ಆಟ ಆಡುತ್ತದೆ. ಬಚ್ಚಲಲ್ಲಿರುವ ತಾಮ್ರದ ಹಂಡೆ ಯಾಕೆ ಕೆಂಪು? ಒಳಗಿನ ಪಟ್ಟಿಯ ಎಲೆಕ್ಟ್ರಾನುಗಳು ಸುಮಾರು 2.1 ಎಲೆಕ್ಟ್ರಾನ್ ವೋಲ್ಟಿನಿಂದ ಮೇಲಿನ ಬೆಳಕನ್ನು ನುಂಗಿಕೊಳ್ಳುತ್ತವೆ. ನೀಲಿ ಹಸಿರು ಹೋಯ್ತು, ಕೆಂಪು ಉಳಿಯಿತು. ಶಾಕ್ ಕೊಟ್ಟಾಗ ಆ ಗಡಿ ಸರಿಯುತ್ತದೆ, ಹಂಡೆಯ ಬಣ್ಣವೇ ಬದಲಾದ ಹಾಗೆ. ಹಸಿರು ಲೇಸರಿನಲ್ಲಿ ಪ್ರತಿಫಲನ ಶೇ. 5 ಇಳಿದರೆ ವಾಹಕತೆ ಇಳಿಯಿತು ಅಂತ ಬರೆಯಲು ಸಾಧ್ಯವಿಲ್ಲ. ಮೇಲ್ಮೈ ಸುಮ್ನೆ ಒರಟಾಗಿ ಬೆಳಕು ಚೆದುರಿದ್ದರೂ ಹಾಗೇ ಕಾಣುತ್ತದೆ.

ಬೆಳಕು ಲೋಹದೊಳಗೆ ಹೋಗೋದು ಹತ್ತಿಪ್ಪತ್ತು ನ್ಯಾನೊಮೀಟರ್ ಅಷ್ಟೇ. ನೀವು ನೋಡುವುದು ಚರ್ಮ ಮಾತ್ರ, ಅದೂ ಲೋಹದ ಬೆನ್ನಿಗೆ ಅಂಟಿಸಿದ ಪಾರದರ್ಶಕ ಕಿಟಕಿಯ ಮೂಲಕ. ಸಾಮಾನ್ಯವಾಗಿ ಲಿಥಿಯಂ ಫ್ಲೋರೈಡ್ ಕಿಟಕಿ ಇಡುತ್ತೇವೆ, ಶಾಕ್‌ನಲ್ಲಿ ಸುಮಾರು 200 ಗಿಗಾಪಾಸ್ಕಲ್ ತನಕ ಅದು ಪಾರದರ್ಶಕವಾಗೇ ಉಳಿಯುತ್ತದೆ. ಆದರೆ ಅದು ಕಬ್ಬಿಣಕ್ಕಿಂತ ಬಹಳ ಮೆತ್ತಗೆ. ತರಂಗ ಅಲ್ಲಿಗೆ ಬಂದ ಕೂಡಲೇ ಲೋಹದ ಒತ್ತಡ ಬಹಳಷ್ಟು ಇಳಿಯುತ್ತದೆ, ಚರ್ಮದ ಶಾಖ ಕಿಟಕಿಗೆ ಸೋರುತ್ತದೆ. ಕಿಟಕಿಯ ವಕ್ರೀಭವನವೂ ಬದಲಾಗೋದರಿಂದ ಲೇಸರ್ ತೋರಿಸುವ ವೇಗ ನಿಜವಾದ ವೇಗಕ್ಕಿಂತ ಕಾಲು ಭಾಗಕ್ಕೂ ಹೆಚ್ಚು ಕಾಣುತ್ತದೆ, ಅದನ್ನು ತಿದ್ದಬೇಕು. ಇವೆಲ್ಲ ಲೆಕ್ಕಕ್ಕೆ ಸಿಗುತ್ತವೆ. ಲೆಕ್ಕಕ್ಕೆ ಸಿಗದ್ದು ಕಿಟಕಿಯನ್ನು ಲೋಹಕ್ಕೆ ಕೂಡಿಸುವ ಅಂಟು.

ಅಂಟಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ನಾವೊಮ್ಮೆ ಪೈರೊಮೀಟರ್, ಅಂದರೆ ಬಿಸಿ ವಸ್ತು ತಾನೇ ಸೂಸುವ ಬೆಳಕಿನಿಂದ ತಾಪಮಾನ ಹೇಳುವ ಸಾಧನ, ಇಟ್ಟು ಶಾಟ್ ಹೊಡೆದಿದ್ದೆವು. ಪರದೆಯ ಮೇಲೆ ಮೊದಲ 20 ನ್ಯಾನೊಸೆಕೆಂಡಿನಲ್ಲಿ ಚೂಪಾದ ಒಂದು ಶಿಖರ, ಆಮೇಲೆ ಸಮತಟ್ಟು. ಶಿಖರದಿಂದ ಲೆಕ್ಕ ಹಾಕಿದರೆ ತಾಪಮಾನ ನಿರೀಕ್ಷೆಗಿಂತ ಎಷ್ಟೋ ಜಾಸ್ತಿ. ಎರಡು ದಿನ ಎಲ್ಲರಿಗೂ ಉತ್ಸಾಹವೋ ಉತ್ಸಾಹ. ಮುಂದಿನ ಶಾಟ್‌ಗೆ ಇನ್ನೊಬ್ಬರು ಸ್ಯಾಂಪಲ್ ಪಾಲಿಶ್ ಮಾಡಿ ಅಂಟಿಸಿದರು. ಶಿಖರ ಅರ್ಧಕ್ಕೆ ಇಳಿಯಿತು. ಲೋಹ ಅದೇ, ವೇಗ ಅದೇ. ಆಗ ಹಳೆಯ ಸ್ಯಾಂಪಲಿನ ಜೊತೆ ಅದೇ ದಿನ ಅಂಟಿಸಿಟ್ಟಿದ್ದ ಇನ್ನೊಂದು ಸ್ಯಾಂಪಲನ್ನು ಮೈಕ್ರೊಸ್ಕೋಪಿನಡಿ ಇಟ್ಟು ಕಿಟಕಿಯ ಕಡೆಯಿಂದ ನೋಡಿದೆ. ಅಂಟಿನ ಪದರದಲ್ಲಿ ಸಾಸಿವೆಗಿಂತ ಎಷ್ಟೋ ಸಣ್ಣ ಗುಳ್ಳೆಗಳ ಒಂದು ಸಾಲು, ಮಣಿ ಪೋಣಿಸಿದ ಹಾಗೆ. ಗುಳ್ಳೆಯೊಳಗಿನ ಗಾಳಿ ಹಿಂಡಿಸಿಕೊಂಡು ಉರಿದು ಹೊಳೆದಿತ್ತು. ನಾವು ಅಳೆದದ್ದು ಗಾಳಿಯ ತಾಪಮಾನ. ಆ ಫಲಿತಾಂಶ ಎಲ್ಲೂ ಕಳಿಸುವ ಮೊದಲೇ ಇದು ಗೊತ್ತಾಯಿತು ಅನ್ನೋದೇ ನೆಮ್ಮದಿ.

ಅಂಟು ಪ್ಲಾಸ್ಟಿಕ್ಕಿನ ಜಾತಿ. ಅದೇ ಒತ್ತಡದಲ್ಲಿ ಲೋಹಕ್ಕಿಂತ ಬಹಳ ಜಾಸ್ತಿ ಬಿಸಿಯಾಗುತ್ತದೆ. ಇನ್‌ಫ್ರಾರೆಡ್‌ನಲ್ಲಿ ಚೆನ್ನಾಗಿ ಹೊಳೆಯುತ್ತದೆ. ಪಾಲಿಶ್ ಮಾಡಿದ ಬೆಳ್ಳಿಯೋ ಹೊಳೆಯುವುದೇ ಇಲ್ಲ ಅನ್ನಬಹುದು, ಬೆಳಕು ಸೂಸುವ ಅದರ ಸಾಮರ್ಥ್ಯ ಶೇ. 2–3 ಅಷ್ಟೇ. ಇಬ್ಬರು ಒಟ್ಟಿಗೆ ಹಾಡುವಾಗ ಒಬ್ಬ ಮೈಕಿನಲ್ಲಿ ಹಾಡಿದರೆ ಇನ್ನೊಬ್ಬನ ದನಿ ಕೇಳಲ್ಲ ಅಲ್ವಾ, ಹಾಗೆ.

ನಿಮ್ಮ ಗನ್‌ನಲ್ಲಿ ಇದು ಇನ್ನೂ ದೊಡ್ಡ ಸಮಸ್ಯೆ. 21 ಗಿಗಾಪಾಸ್ಕಲ್‌ನಲ್ಲಿ ತಾಮ್ರ, ಬೆಳ್ಳಿಯಂಥ ಲೋಹ ಬಿಸಿಯಾಗೋದು ಹೆಚ್ಚೆಂದರೆ ನೂರಿನ್ನೂರು ಡಿಗ್ರಿ. 450 ಕೆಲ್ವಿನ್ ಅಂದುಕೊಂಡರೆ ಅದು ಸೂಸುವ ಬೆಳಕಿನ ಶಿಖರ 6.4 ಮೈಕ್ರಾನಿನಲ್ಲಿ. ಕಣ್ಣಿಗೆ ಕಾಣುವ ಬೆಳಕು ಇಲ್ಲವೇ ಇಲ್ಲ. 3ರಿಂದ 5 ಮೈಕ್ರಾನಿನ ವೇಗದ ಡಿಟೆಕ್ಟರ್ ಬೇಕು, ಅಂಟಿಲ್ಲದ ಜೋಡಣೆ ಬೇಕು, ಬೆಳಕು ಸೂಸುವ ಸಾಮರ್ಥ್ಯವನ್ನು ಅದೇ ಶಾಟ್‌ನಲ್ಲಿ ಬೇರೆಯಾಗಿ ಅಳೆಯಬೇಕು. ದೊಡ್ಡ ಗನ್ ಇದ್ದು 2,000 ಕೆಲ್ವಿನ್ ದಾಟುವವರಿಗೆ ಇಷ್ಟು ಪಾಡಿಲ್ಲ. ಅವರು 0.6 ಮೈಕ್ರಾನಿನಲ್ಲಿ ನೋಡಬಹುದು, ಅಲ್ಲಿ ಸೂಸುವ ಸಾಮರ್ಥ್ಯ ಶೇ. 10 ತಪ್ಪಿದರೂ ತಾಪಮಾನ ತಪ್ಪೋದು ಶೇ. 1ಕ್ಕಿಂತ ಕಡಿಮೆ. ಅದೇ ತಾಪಮಾನವನ್ನು 3 ಮೈಕ್ರಾನಿನಲ್ಲಿ ನೋಡಿದರೆ ಶೇ. 4ರಷ್ಟು ತಪ್ಪುತ್ತದೆ. ಅಷ್ಟಿದ್ದೂ ಕಬ್ಬಿಣ ಕರಗುವ ತಾಪಮಾನದ ಬಗ್ಗೆ 1980–90ರ ದಶಕಗಳಲ್ಲಿ ಗುಂಪು ಗುಂಪುಗಳ ನಡುವೆ ಸಾವಿರ ಡಿಗ್ರಿಗೂ ಮೀರಿದ ಅಂತರ ಇತ್ತು. 2013ರಲ್ಲಿ ಎಕ್ಸ್‌ರೇ ಹಿಡಿದು ಮಾಡಿದ ಕೆಲಸ, ಒಳಗರ್ಭದ ಗಡಿಯಲ್ಲಿ ಅದು 6,230 ಕೆಲ್ವಿನ್ ಅಂದಿತು. ಅದಕ್ಕೂ ಹೆಚ್ಚುಕಡಿಮೆ 500 ಡಿಗ್ರಿ ಅಂತ ಅವರೇ ಬರೆದಿದ್ದಾರೆ.

ಹಾಗಾಗಿ ನನ್ನ ಅಭಿಪ್ರಾಯ ಇದು. ನಿಮ್ಮ ಗನ್‌ಗೆ ತಂತಿಯ ದಾರಿಯೇ ಸರಿ. ಬೆಳಕನ್ನು ವೇಗ ಅಳೆಯಲು ಇಟ್ಟುಕೊಳ್ಳಿ, ಪಿಡಿವಿ ಪ್ರತಿ ಶಾಟ್‌ನಲ್ಲೂ ಇರಲಿ. ತಾಪಮಾನವನ್ನು ಸದ್ಯಕ್ಕೆ ಲೆಕ್ಕದಿಂದ ತೆಗೆದುಕೊಳ್ಳಿ. ಕಡಿಮೆ ಒತ್ತಡದಲ್ಲಿ ಆ ಲೆಕ್ಕ ನಂಬುವ ಹಾಗಿರುತ್ತದೆ, ಬಿಸಿ ಕಡಿಮೆ ಇರೋದರಿಂದ ತಪ್ಪೂ ಕಡಿಮೆ. ಬೆಳ್ಳಿಯ ರೋಧ ಡಿಗ್ರಿಗೆ ಸುಮಾರು ಶೇ. 0.4 ಬದಲಾಗುತ್ತದೆ. 10 ಡಿಗ್ರಿ ತಪ್ಪಿದರೆ ಶೇ. 4. ಅದು ಸಹಿಸಬಹುದಾದದ್ದು.

ಮೊದಲ ಲೋಹ ಬೆಳ್ಳಿ. 25 ಮೈಕ್ರಾನ್ ದಪ್ಪ, 1 ಮಿಲಿಮೀಟರ್ ಅಗಲ, 10 ಮಿಲಿಮೀಟರ್ ಉದ್ದದ ಪಟ್ಟಿ. ಅದರ ರೋಧ ಸುಮಾರು 6 ಮಿಲಿಓಮ್. 50 ಆಂಪಿಯರ್ ಬಿಟ್ಟರೆ 0.3 ವೋಲ್ಟ್ ಸಿಗುತ್ತದೆ, ಚೆನ್ನಾಗಿ ಕಾಣುತ್ತದೆ. ಆದರೆ ಆ ಕರೆಂಟನ್ನು ಒಂದು ಮಿಲಿಸೆಕೆಂಡ್ ಬಿಟ್ಟರೂ ಪಟ್ಟಿ 25 ಡಿಗ್ರಿ ಬಿಸಿಯಾಗುತ್ತದೆ. ಹಾಗಾಗಿ ಡಿಕ್ಕಿಗೆ ಕೆಲವು ಹತ್ತು ಮೈಕ್ರೊಸೆಕೆಂಡ್ ಮುಂಚೆ ಮಾತ್ರ ಆನ್ ಮಾಡಿ. ನಾಲ್ಕು ತಂತಿ ಖಂಡಿತ ಬೇಕು, ಎರಡು ಕರೆಂಟ್ ಬಿಡಲು, ಎರಡು ವೋಲ್ಟೇಜ್ ಅಳೆಯಲು. ಆ ನಾಲ್ಕು ಕಾಲುಗಳನ್ನೂ ಅದೇ ಬೆಳ್ಳಿಯ ಹಾಳೆಯಿಂದಲೇ ಕತ್ತರಿಸಿ ತೆಗೆಯಿರಿ. ಬೇರೆ ಲೋಹದ ತಂತಿಯನ್ನು ಶಾಕ್ ಹಾಯುವ ಜಾಗದಲ್ಲಿ ಬೆಸುಗೆ ಹಾಕಿದರೆ ಆ ಜೋಡಣೆಯೇ ವೋಲ್ಟೇಜ್ ಹುಟ್ಟಿಸುತ್ತದೆ.

ಇನ್ನೂ ತೆಳ್ಳಗಿನ ಲೇಪನ ಹಾಕಿದರೆ ರೋಧ ದೊಡ್ಡದಾಗಿ ಸಿಗುತ್ತದಲ್ಲ ಅಂತ ನಿಮಗೆ ಅನ್ನಿಸಬಹುದು. ಬೇಡ. ಬೆಳ್ಳಿಯಲ್ಲಿ ಶಾಖ 100 ನ್ಯಾನೊಸೆಕೆಂಡಿಗೆ ಸುಮಾರು 4 ಮೈಕ್ರಾನ್ ಹರಿಯುತ್ತದೆ. 1 ಮೈಕ್ರಾನಿನ ಪದರಕ್ಕೆ ತನ್ನದು ಅನ್ನುವ ತಾಪಮಾನವೇ ಇರಲ್ಲ, ಅಕ್ಕಪಕ್ಕದ ಗಾಜೋ ಅಂಟೋ ಏನು ಹೇಳಿದರೆ ಅದು.

ಪಟ್ಟಿಯನ್ನು ಎರಡು ಸಫೈರ್ ತಟ್ಟೆಗಳ ನಡುವೆ ಇಡಿ. ಶಾಕ್‌ಗೆ ಕೊಡುವ ತಡೆಯಲ್ಲಿ ಬೆಳ್ಳಿಗೂ ಸಫೈರಿಗೂ ಹೊಂದಾಣಿಕೆ ಚೆನ್ನಾಗಿದೆ, ಅದಕ್ಕೇ ಒತ್ತಡ ಪಟ್ಟಿಯೊಳಗೆ ಬೇಗ ಸಮವಾಗುತ್ತದೆ. ಮೊದಲ ಹತ್ತು ಶಾಟ್‌ಗಳನ್ನು ಅರ್ಧ ವೇಗದಲ್ಲೇ, 10 ಗಿಗಾಪಾಸ್ಕಲ್ ಆಸುಪಾಸಿನಲ್ಲೇ ಮಾಡಿ. ಅಲ್ಲಿ ಸಫೈರ್ ಇನ್ನೂ ಸ್ಪ್ರಿಂಗಿನಂತೆ ವರ್ತಿಸುತ್ತದೆ, ಮುರಿಯುವುದಿಲ್ಲ, ವಿದ್ಯುತ್ತನ್ನೂ ಬಿಡುವುದಿಲ್ಲ. ಮೆಗಾಬಾರ್, ಅಂದರೆ 100 ಗಿಗಾಪಾಸ್ಕಲ್, ಹತ್ತಿರ ಹೋಗುವವರಿಗೆ ಇರುವ ದೊಡ್ಡ ತಲೆನೋವು ಅದೇ. ಅವಾಹಕವೇ ನಿಧಾನಕ್ಕೆ ವಾಹಕವಾಗಿ ಕರೆಂಟನ್ನು ಕದಿಯುತ್ತದೆ, ಲೋಹದ ರೋಧ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. 1996ರಲ್ಲಿ ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ವೀರ್, ಮಿಚೆಲ್, ನೆಲ್ಲಿಸ್ ಮೂವರೂ ದ್ರವ ಹೈಡ್ರೋಜನ್ನನ್ನು ಸಫೈರ್‌ಗಳ ನಡುವೆ ಇಟ್ಟು, ತರಂಗ ಹಿಂದೆ ಮುಂದೆ ಪುಟಿಯುವಂತೆ ಮಾಡಿ 140 ಗಿಗಾಪಾಸ್ಕಲ್‌ಗೆ ಒಯ್ದು ಅದು ಲೋಹದಂತೆ ವಿದ್ಯುತ್ ಹರಿಸಿದ್ದನ್ನು ತೋರಿಸಿದರು. ಒಂದೇ ಏಟಿಗೆ ಹಿಂಡದೆ ಹಲವು ಏಟಿಗೆ ಹಿಂಡಿದ್ದರಿಂದ ತಾಪಮಾನ 3,000 ಕೆಲ್ವಿನ್ ಆಸುಪಾಸಿನಲ್ಲೇ ನಿಂತಿತು. ಹೈಡ್ರೋಜನ್ನಿನ ರೋಧಶೀಲತೆ 500 ಮೈಕ್ರೊ ಓಮ್ ಸೆಂಟಿಮೀಟರ್ ಇತ್ತು, ಬೆಳ್ಳಿಯದಕ್ಕಿಂತ ಸುಮಾರು 300 ಪಟ್ಟು. ಪಕ್ಕದಲ್ಲಿ ಏನಿದೆ ಅನ್ನೋದನ್ನು ಅವರು ಎಷ್ಟು ಹುಷಾರಾಗಿ ನೋಡಿಕೊಂಡಿದ್ದಾರೆ ಅಂತ ಆ ಕೆಲಸ ಓದಿ, ನಿಮಗೆ ತುಂಬ ಉಪಯೋಗಕ್ಕೆ ಬರುತ್ತದೆ.

ಅಪಾಯಗಳೂ ಇವೆ. ಹಾರುವ ತಟ್ಟೆ ನೇರವಾಗಿ ಕೂರದೆ 10 ಮಿಲಿಮೀಟರಿಗೆ 10 ಮೈಕ್ರಾನ್ ವಾಲಿದರೂ, 1 ಕಿಲೋಮೀಟರ್ ವೇಗದಲ್ಲಿ ಪಟ್ಟಿಯ ಒಂದು ತುದಿ ಇನ್ನೊಂದಕ್ಕಿಂತ 10 ನ್ಯಾನೊಸೆಕೆಂಡ್ ಮೊದಲು ಶಾಕ್ ತಿನ್ನುತ್ತದೆ. ಅರ್ಧ ವೇಗದಲ್ಲಿ ಅದು 20 ಆಗುತ್ತದೆ. ಆಗ ಏರಿಕೆಯ ಗೆರೆ ಇಳಿಜಾರಾಗಿ ಕಂಡು, ಯಾವುದೋ ಹೊಸ ಬದಲಾವಣೆ ಕಂಡುಹಿಡಿದೆ ಅನ್ನಿಸಬಹುದು. ಇಲ್ಲೂ ಅಂಟು ಬೇಕಾಗುತ್ತದೆ, ಅದು ದಪ್ಪವಾದರೆ ಒತ್ತಡ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಒಂದೆರಡು ಮೈಕ್ರಾನಿಗೆ ಇಳಿಸುವ ತನಕ ಅಂಟಿಸುವುದನ್ನೇ ಅಭ್ಯಾಸ ಮಾಡಿ. ಒಂದು ತಿಂಗಳು ಅದಕ್ಕೇ ಹೋದರೂ ಪರವಾಗಿಲ್ಲ. ಎಲ್ಲಕ್ಕಿಂತ ಜಾಸ್ತಿ ಬೇಸರ ತರಿಸೋದು ದೋಷಗಳ ಪಾಲು. ಅದನ್ನು ಬೇರ್ಪಡಿಸಲು ಚೆನ್ನಾಗಿ ಕಾಯಿಸಿ ಮೆತ್ತಗೆ ಮಾಡಿದ ಬೆಳ್ಳಿ ಮತ್ತು ತಟ್ಟಿ ಗಟ್ಟಿಯಾದ ಬೆಳ್ಳಿ ಎರಡರಲ್ಲೂ ಅದೇ ಶಾಟ್ ಹೊಡೆದು ನೋಡಬೇಕು. ಇದೇ ಒಂದು ಒಳ್ಳೆಯ ಪ್ರಬಂಧಕ್ಕೆ ಸಾಕಾಗುವ ವಿಷಯ, ನಿಮ್ಮ ಗೈಡ್ ಜೊತೆ ಮಾತಾಡಿ.

ಬೆಳಕಿನ ದಾರಿಯೇ ಬೇಕು ಅಂತ ಗೈಡ್ ಹಟ ಹಿಡಿದರೆ ತಾಪಮಾನದ ಆಸೆ ಬಿಟ್ಟು ಪ್ರತಿಫಲನ ಮಾತ್ರ ಮಾಡಿ. ಎರಡು ಬಣ್ಣದಲ್ಲಿ ಮಾಡಿ, ಒಂದು ತಾಮ್ರದ ಆ ಗಡಿಯ ಈಚೆ, ಇನ್ನೊಂದು ಆಚೆ. ಚೆದುರಿದ ಬೆಳಕನ್ನೂ ಹಿಡಿಯುವ ವ್ಯವಸ್ಥೆ ಇರಲಿ. ಗಡಿ ಎಷ್ಟು ಸರಿಯಿತು ಅನ್ನೋದು ಸಿಗುತ್ತದೆ. ವಾಹಕತೆ ಸಿಗಲ್ಲ, ಆದರೆ ಸಿಕ್ಕದ್ದು ನಿಜವಾದದ್ದು.

ತಂತಿಯ ದಾರಿ ಹಿಡಿದರೆ ಮೊಟ್ಟಮೊದಲ ಶಾಟ್ ಕರೆಂಟ್ ಇಲ್ಲದೆ ಹೊಡೆಯಿರಿ. ಎಲ್ಲ ಜೋಡಿಸಿ, ಸ್ಕೋಪ್ ಇಟ್ಟು, ಕರೆಂಟ್ ಮಾತ್ರ ಸೊನ್ನೆ. ಆಗ ಪರದೆ ಮೇಲೆ ಏನು ಕಂಡರೂ ಅದು ನಿಮ್ಮ ಲೋಹದ ರೋಧ ಅಲ್ಲ. ಎರಡನೇ ಶಾಟ್ ಕರೆಂಟ್ ಬಿಟ್ಟು, ಮೂರನೆಯದು ಅದೇ ಕರೆಂಟನ್ನು ತಿರುಗಿಸಿ. ಎರಡರ ನಡುವೆ ಚಿಹ್ನೆ ಬದಲಾದ ಭಾಗ ರೋಧದ್ದು, ಬದಲಾಗದ ಭಾಗ ಹೊರಗಿನದ್ದು. ಒಂದು ಸ್ಯಾಂಪಲ್ ತಯಾರಿಗೆ ವಾರ ಹಿಡಿಯುವಾಗ ಖಾಲಿ ಶಾಟ್ ಹೊಡೆಯಲು ಮನಸ್ಸು ಬರಲ್ಲ ಅಂತ ಗೊತ್ತು. ಆದರೂ ಹೊಡೆಯಿರಿ. ಕಬ್ಬಿಣಕ್ಕೆ ಹೋದಾಗ 13 ಗಿಗಾಪಾಸ್ಕಲ್‌ನ ಕೆಳಗೆ ಒಂದು, ಮೇಲೆ ಒಂದು, ಹೀಗೆ ಎರಡು ಖಾಲಿ ಶಾಟ್ ಬೇಕಾಗುತ್ತದೆ, ಅದಕ್ಕೂ ಈಗಲೇ ಸಫೈರ್ ತೆಗೆದಿಡಿ.